ಲೆಕ್ಕ ಕೇಳಿದವರೇ ಲೆಕ್ಕ ಬರೆಯುವವರನ್ನು ಮನೆಗೆ ಕಳಿಸಿದರು

ನಿನ್ನೆ ರಾತ್ರಿ ಗೆಳೆಯರೊಬ್ಬರು ಒಂದು ವಿಡಿಯೊ ಕಳಿಸಿದ್ದರು. ಅದರಲ್ಲಿ ಒಬ್ಬರು ಕುರ್ಚಿಯಲ್ಲಿ ಆರಾಮಾಗಿ ಕೂತು ಹೇಳುತ್ತಾರೆ: "ಬಡ ದೇಶಗಳಿಗೆ ಇಷ್ಟು ವರ್ಷ ದುಡ್ಡು ಸುರಿದರಲ್ಲ, ಏನು ಪ್ರಯೋಜನ ಆಯ್ತು? ಎಲ್ಲಾ ಕಳ್ಳರ ಜೇಬಿಗೆ ಹೋಯ್ತು. ಅಮೆರಿಕ ನಿಲ್ಲಿಸಿದ್ದು ಸರಿಯಾಗೇ ಇದೆ." ಗೆಳೆಯರು ಅದರ ಕೆಳಗೆ "ನೂರಕ್ಕೆ ನೂರು ನಿಜ" ಅಂತ ಬರೆದಿದ್ದರು. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ನನ್ನ ಕೆಲಸ ನಿಮಗೆಲ್ಲ ಗೊತ್ತು, ಲೆಕ್ಕ ತಪಾಸಣೆ. ವೋಚರು, ಬಿಲ್ಲು, ಸ್ಟಾಕ್ ರಿಜಿಸ್ಟರುಗಳ ಮಧ್ಯೆಯೇ ಇಷ್ಟು ವರ್ಷ ಕಳೆದವಳು ನಾನು. ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳುವುದೇ ನನ್ನ ವೃತ್ತಿ. ಹಾಗಾಗಿ "ಏನು ಪ್ರಯೋಜನ ಆಯ್ತು?" ಅನ್ನುವ ಪ್ರಶ್ನೆಗೆ ನನ್ನ ತಕರಾರಿಲ್ಲ. ಅದು ಕೇಳಲೇಬೇಕಾದ ಪ್ರಶ್ನೆ. ನನಗೆ ಸಿಟ್ಟಿರುವುದು, ಆ ಪ್ರಶ್ನೆ ಕೇಳಿ, ಉತ್ತರ ಹೇಳಬೇಕಾದವರನ್ನೇ ಮನೆಗೆ ಕಳಿಸಿ, ಆಮೇಲೆ "ನೋಡಿ, ಉತ್ತರವೇ ಇಲ್ಲ" ಅನ್ನುವವರ ಮೇಲೆ.

ಏನು ನಡೆಯಿತು ಅಂತ ಸ್ವಲ್ಪ ನೆನಪಿಸಿಕೊಳ್ಳಿ. 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಹೆಸರಿಗೆ ಅದು ಪರಿಶೀಲನೆ. ಆದರೆ ಕೆಲವೇ ದಿನಗಳಲ್ಲಿ, ಅರ್ಧಕ್ಕೆ ಬಂದಿದ್ದ ಕೆಲಸಗಳಿಗೂ "ನಿಲ್ಲಿಸಿ" ಅಂತ ಪತ್ರ ಹೋಯ್ತು. ಮಾರ್ಚ್ 10ಕ್ಕೆ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಪರಿಶೀಲನೆ ಮುಗಿಯಿತು ಎಂದರು. ವಿದೇಶಿ ನೆರವು ನೋಡಿಕೊಳ್ಳುತ್ತಿದ್ದ ಅಮೆರಿಕದ ಸರ್ಕಾರಿ ಸಂಸ್ಥೆ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳು ರದ್ದಾದವು. ಸುಮಾರು 5200 ಒಪ್ಪಂದಗಳು. ಜುಲೈ 1ಕ್ಕೆ, 1961ರಿಂದ ನಡೆದು ಬಂದ ಆ ಸಂಸ್ಥೆಯೇ ಮುಚ್ಚಿತು.

ಆರು ವಾರದಲ್ಲಿ 5200ಕ್ಕೂ ಹೆಚ್ಚು ಒಪ್ಪಂದ ಪರಿಶೀಲಿಸಿದರಂತೆ. ಒಂದು ಮಧ್ಯಮ ಗಾತ್ರದ ಸಂಸ್ಥೆಯ ಒಂದು ವರ್ಷದ ಲೆಕ್ಕ ಸರಿಯಾಗಿ ನೋಡುವುದಕ್ಕೇ ನಮಗೆ ಅಷ್ಟು ಸಮಯ ಬೇಕು. ಅದೂ ಸಿಬ್ಬಂದಿ ಕೇಳಿದ ಕಾಗದ ತಕ್ಷಣ ಕೊಟ್ಟರೆ. ಇಲ್ಲಿ ಕಾಗದ ಕೊಡಬೇಕಾದ ಸಿಬ್ಬಂದಿಯನ್ನೇ ರಜೆ ಮೇಲೆ ಕಳಿಸಿದ್ದರು. ಇದನ್ನು ಪರಿಶೀಲನೆ ಅನ್ನುವುದಕ್ಕೆ ನನ್ನಿಂದಾಗದು.

ಇನ್ನು ನನ್ನ ಹೊಟ್ಟೆ ಉರಿಸಿದ ಸಂಗತಿ ಕೇಳಿ. ಯುಎಸ್‌ಏಡ್‌ಗೆ ಒಬ್ಬ ಇನ್‌ಸ್ಪೆಕ್ಟರ್ ಜನರಲ್ ಇದ್ದರು, ಪಾಲ್ ಮಾರ್ಟಿನ್ ಅಂತ. ದುಡ್ಡು ಸೋರುತ್ತಿದೆಯಾ, ಕಳ್ಳತನ ಆಗುತ್ತಿದೆಯಾ, ಉಗ್ರರ ಕೈಗೆ ಹೋಗುತ್ತಿದೆಯಾ ಅಂತ ನೋಡುವುದೇ ಅವರ ಕಚೇರಿಯ ಕೆಲಸ. ನನ್ನದೇ ವೃತ್ತಿ, ಬಹಳ ದೊಡ್ಡ ಮಟ್ಟದಲ್ಲಿ. 2025ರ ಫೆಬ್ರುವರಿ 10ರಂದು ಅವರ ಕಚೇರಿ ಒಂದು ವರದಿ ಕೊಟ್ಟಿತು. ಹೀಗೆ ಏಕಾಏಕಿ ನಿಲ್ಲಿಸಿದ್ದರಿಂದ 48.9 ಕೋಟಿ ಡಾಲರ್ ಬೆಲೆಯ ಆಹಾರ ಬಂದರುಗಳಲ್ಲಿ, ಹಡಗುಗಳಲ್ಲಿ, ಗೋದಾಮುಗಳಲ್ಲಿ ಹಾಳಾಗುವ ಅಪಾಯದಲ್ಲಿದೆ ಎಂದಿತು. ದುಡ್ಡಿನ ಮೇಲೆ ಕಣ್ಣಿಡುವ ವ್ಯವಸ್ಥೆಯೂ ಕುಸಿದಿದೆ ಎಂದಿತು. ಮಾರನೇ ದಿನವೇ ಅವರನ್ನು ಕೆಲಸದಿಂದ ತೆಗೆದರು.

ಕಳ್ಳತನವೇ ಚಿಂತೆಯಾಗಿದ್ದರೆ, ಕಳ್ಳರನ್ನು ಹಿಡಿಯುವ ಮನುಷ್ಯನನ್ನು ಯಾರಾದರೂ ಮೊದಲು ತೆಗೆಯುತ್ತಾರಾ?

ಅದೇ ವರ್ಷ ಜುಲೈನಲ್ಲಿ ಅವರ ಎಚ್ಚರಿಕೆ ಎಷ್ಟು ಸರಿ ಅಂತ ಗೊತ್ತಾಯಿತು. ಅಫ್ಗಾನಿಸ್ತಾನ, ಪಾಕಿಸ್ತಾನದ ಮಕ್ಕಳಿಗೆ ಅಂತ ಕೊಂಡಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ದುಬೈನ ಗೋದಾಮಿನಲ್ಲಿ ಅವಧಿ ಮುಗಿಯುವವರೆಗೂ ಕೂತಿತ್ತು. ಅದನ್ನು ಕಳಿಸಲು ಸಹಿ ಹಾಕುವವರು ಸಿಗಲಿಲ್ಲ. ಕೊಳ್ಳಲು ಸುಮಾರು 8 ಲಕ್ಷ ಡಾಲರ್ ಖರ್ಚಾಗಿತ್ತು. ನಾಶ ಮಾಡಲು ಮತ್ತೆ 1.3 ಲಕ್ಷ ಡಾಲರ್. ಸ್ಟಾಕ್ ರಿಜಿಸ್ಟರ್ ನೋಡಿ ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸರಕು ಇದೆ, ತಿನ್ನುವ ಮಕ್ಕಳು ಇದ್ದಾರೆ, ದುಡ್ಡು ಆಗಲೇ ಕೊಟ್ಟಾಗಿದೆ. ಮಧ್ಯದಲ್ಲಿ ಇರಬೇಕಾದ ಮನುಷ್ಯನನ್ನು ತೆಗೆದಿದ್ದಾರೆ. ದುಂದುವೆಚ್ಚ ತಡೆಯುತ್ತೇವೆ ಅಂದವರ ಕೈಯಲ್ಲಿ ಆದ ದುಂದುವೆಚ್ಚ ಇದು.

ಸರಿ, ಪ್ರಯೋಜನದ ಪ್ರಶ್ನೆಗೇ ಬರೋಣ. "ಎಲ್ಲಾ ನೀರಿನಲ್ಲಿ ಹೋಮ ಮಾಡಿದಂತೆ" ಅನ್ನುವವರು ಸಿಡುಬಿನ ಬಗ್ಗೆ ಯಾಕೆ ಮಾತಾಡುವುದಿಲ್ಲ? 1967ರಲ್ಲಿ ಹತ್ತಾರು ದೇಶಗಳು ಸೇರಿ ಬಿರುಸಿನ ಅಭಿಯಾನ ಶುರು ಮಾಡಿದವು. 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಹರಡಿದ ಕೊನೆಯ ಪ್ರಕರಣ ಸಿಕ್ಕಿತು. 1980ರಲ್ಲಿ ರೋಗವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ಖರ್ಚಿನ ಲಾಭ ದುಡ್ಡು ಕೊಟ್ಟ ದೇಶಗಳೂ ಇವತ್ತಿಗೂ ಉಣ್ಣುತ್ತಿವೆ. ಅವರ ಮಕ್ಕಳಿಗೂ ಆ ಲಸಿಕೆ ಬೇಕಾಗಿಲ್ಲ, ಅಲ್ವಾ? ನಾರುಹುಣ್ಣು ತಗೊಳ್ಳಿ, ಕೆಟ್ಟ ನೀರು ಕುಡಿದು ಮೈಯೊಳಗೆ ಹುಳ ಬೆಳೆಯುವ ರೋಗ. 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಬರುತ್ತಿತ್ತು. ಅದಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ನೀರು ಸೋಸುವ ಬಟ್ಟೆ, ಹಳ್ಳಿ ಹಳ್ಳಿಗೆ ಹೋಗಿ ಹೇಳುವ ಜನ, ಅವರನ್ನು ಬಿಡದೆ ನಡೆಸಿದ ನೆರವು, ಇಷ್ಟೇ. 2024ರಲ್ಲಿ ಇಡೀ ಜಗತ್ತಿನಲ್ಲಿ 20 ಪ್ರಕರಣವೂ ಇರಲಿಲ್ಲ.

ಮಲೇರಿಯಾಕ್ಕೆ ಬನ್ನಿ. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ 66 ಕೋಟಿಗೂ ಹೆಚ್ಚು ಮಲೇರಿಯಾ ಪ್ರಕರಣ ತಪ್ಪಿದವು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಔಷಧಿ ಹಚ್ಚಿದ ಸೊಳ್ಳೆಪರದೆಯಿಂದ. ಒಂದು ಪರದೆಗೆ ಕೆಲವೇ ಡಾಲರ್. ಇನ್ನು ಎಚ್‌ಐವಿ. 2003ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಪೆಪ್‌ಫಾರ್ ಅನ್ನುವ ಯೋಜನೆ ಶುರು ಮಾಡಿದರು. ಅವರ ಬೇರೆ ಎಷ್ಟೋ ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ. ಈ ಒಂದಕ್ಕೆ ಮಾತ್ರ ಕೈ ಮುಗಿಯುತ್ತೇನೆ. ಎರಡೂವರೆ ಕೋಟಿ ಜೀವ ಉಳಿದಿವೆ ಎಂದು ಅಮೆರಿಕ ಸರ್ಕಾರವೇ ಹೇಳಿಕೊಂಡಿತ್ತು. ನೆರವು ನಿಂತಾಗ ಸುಮಾರು 2 ಕೋಟಿ ಜನ ಅದರ ಬೆಂಬಲದಿಂದ ದಿನವೂ ಮಾತ್ರೆ ನುಂಗುತ್ತಿದ್ದರು.

ಇಲ್ಲಿ ಒಂದು ವೈಯಕ್ತಿಕ ಮಾತು. ನನ್ನ ತಮ್ಮನಿಗೆ ಮೂರ್ಛೆರೋಗ ಇರುವುದು ನಿಮ್ಮಲ್ಲಿ ಕೆಲವರಿಗೆ ಮಾತ್ರ ಗೊತ್ತು. ಅವನ ಮಾತ್ರೆ ಒಂದೇ ಸಲ ನಿಲ್ಲಿಸಬಾರದು, ಕಡಿಮೆ ಮಾಡುವುದಿದ್ದರೂ ನಿಧಾನಕ್ಕೆ ಮಾಡಬೇಕು ಅಂತ ಡಾಕ್ಟರು ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಮಾತ್ರೆಯ ಡಬ್ಬಿ ಖಾಲಿಯಾಗುತ್ತಾ ಬಂದಾಗ ಅಮ್ಮನ ಮುಖ ನೋಡಿದವಳು ನಾನು. ಎಚ್‌ಐವಿ ಮಾತ್ರೆಯೂ ಅಷ್ಟೇ. ತಪ್ಪಿದರೆ ವೈರಸ್ ಮತ್ತೆ ಏರುತ್ತದೆ. ಬಿಟ್ಟು ಬಿಟ್ಟು ತಗೊಂಡರೆ ಔಷಧಿಗೇ ಬಗ್ಗದ ವೈರಸ್ ಹುಟ್ಟಬಹುದು. ಬಸುರಿಯರಿಗೆ ತಪ್ಪಿದರೆ ಮಗುವಿಗೂ ಬರಬಹುದು. ಜನವರಿ ಕೊನೆಯಲ್ಲಿ "ಜೀವ ಉಳಿಸುವ ಔಷಧಿಗೆ ವಿನಾಯಿತಿ ಇದೆ" ಅಂತ ಹೇಳಿದರು ನಿಜ. ಆದರೆ ಬಿಲ್ಲು ಪಾವತಿ ನಿಂತಿತ್ತು. ಸಹಿ ಮಾಡುವವರು ಇರಲಿಲ್ಲ. ಎಷ್ಟೋ ಕ್ಲಿನಿಕ್ಕುಗಳ ಬಾಗಿಲು ಹಾಕಿತ್ತು. ವಿನಾಯಿತಿ ಕಾಗದದ ಮೇಲೆ ಇದ್ದರೆ ಸಾಕಾ?

ಈಗ ನೀವು ಹೇಳುತ್ತೀರಿ, "ಕಳ್ಳತನ ಆಗಿಲ್ಲವಾ?" ಆಗಿದೆ. ಧಾರಾಳವಾಗಿ ಆಗಿದೆ. ಜೈರ್ (ಇಂದಿನ ಕಾಂಗೊ) ದೇಶದ ಸರ್ವಾಧಿಕಾರಿ ಮೊಬುಟು ಪಶ್ಚಿಮದ ದುಡ್ಡು ತಿಂದು ಗಬಡೊಲಿಟೆ ಅನ್ನುವ ಊರಿನಲ್ಲಿ ಅರಮನೆ ಕಟ್ಟಿಸಿದ. ಕಾನ್‌ಕಾರ್ಡ್ ವಿಮಾನ ಇಳಿಯುವಂಥ ರನ್‌ವೇ ಕೂಡ ಮಾಡಿಸಿಕೊಂಡ. ಆದರೆ ಅವನಿಗೆ ದುಡ್ಡು ಕೊಟ್ಟಿದ್ದು ಯಾತಕ್ಕೆ? ಶೀತಲ ಸಮರದಲ್ಲಿ ತಮ್ಮ ಕಡೆ ಇರಲಿ ಅಂತ. ಮಲೇಷ್ಯಾದ ಪೆರ್ಗಾವು ಅಣೆಕಟ್ಟು ಇನ್ನೊಂದು. ಬ್ರಿಟನ್ ನೆರವಿನ ಹೆಸರಲ್ಲಿ ಅದಕ್ಕೆ ದುಡ್ಡು ಕೊಟ್ಟಿತು. ಹಿಂದೆ ಇದ್ದಿದ್ದು ಶಸ್ತ್ರಾಸ್ತ್ರ ಮಾರಾಟದ ಮಾತುಕತೆ. 1994ರಲ್ಲಿ ಬ್ರಿಟನ್ನಿನ ನ್ಯಾಯಾಲಯವೇ ಅದು ಕಾನೂನುಬಾಹಿರ ಎಂದಿತು. ಇಂಥವನ್ನು ನೆರವು ಸೋತಿದ್ದಕ್ಕೆ ಸಾಕ್ಷಿ ಅಂತ ತೋರಿಸುತ್ತಾರೆ. ಅಲ್ಲಿ ಬಡವರ ಹೊಟ್ಟೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಸ್ನೇಹ ಕೊಂಡುಕೊಳ್ಳಲು ಕೊಟ್ಟ ದುಡ್ಡನ್ನೂ ಸೊಳ್ಳೆಪರದೆಗೆ ಕೊಟ್ಟ ದುಡ್ಡನ್ನೂ ಒಂದೇ ಖಾತೆಗೆ ಬರೆದು, ಕೊನೆಗೆ "ಒಟ್ಟಾರೆ ನಷ್ಟ" ಅನ್ನುವ ಲೆಕ್ಕಿಗನನ್ನು ನಾನಾದರೆ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

ಕಳ್ಳತನ ಕಂಡಾಗ ಏನು ಮಾಡಬೇಕು ಅನ್ನುವುದಕ್ಕೂ ಅದೇ ವರ್ಷದ ಉದಾಹರಣೆ ಇದೆ. ಜಾಂಬಿಯಾದಲ್ಲಿ ಅಮೆರಿಕ ಪುಕ್ಕಟೆ ಕೊಟ್ಟ ಔಷಧಿ ಖಾಸಗಿ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಅಂಗಡಿ ಅಂಗಡಿಗೆ ಹೋಗಿ ತಪಾಸಣೆ ಮಾಡಿ ಪತ್ತೆ ಹಚ್ಚಿದರು. 2025ರ ಮೇ ತಿಂಗಳಲ್ಲಿ, ವರ್ಷಕ್ಕೆ 5 ಕೋಟಿ ಡಾಲರಿನ ಔಷಧಿ ನೆರವು ಕಡಿತ ಮಾಡುತ್ತೇವೆ, ಮುಂದಿನ ಜನವರಿಯಿಂದ, ಅಂತ ಮುಂಚೆಯೇ ತಿಳಿಸಿದರು. ಈ ಕಡಿತವೂ ನನಗೆ ನೋವಿನದೇ, ಕದ್ದವರ ತಪ್ಪಿಗೆ ರೋಗಿಗಳು ದಂಡ ತೆರುತ್ತಾರೆ. ಆದರೂ ಇಲ್ಲಿ ತಪಾಸಣೆ ಇತ್ತು, ಕಾರಣ ಇತ್ತು, ಸಮಯ ಕೊಟ್ಟಿದ್ದರು. ಉಳಿದ ಸಾವಿರಾರು ಒಪ್ಪಂದಗಳಿಗೆ ಇದರಲ್ಲಿ ಯಾವುದಿತ್ತು?

ಇನ್ನೊಂದು ಮಾತಿದೆ. "ನೆರವು ಜನರನ್ನು ಸೋಮಾರಿ ಮಾಡುತ್ತೆ. ಅವರ ಸರ್ಕಾರಗಳು ತಮ್ಮ ಕಾಲ ಮೇಲೆ ನಿಲ್ಲಲಿ." ಕಡಿತದ ನಂತರ ನೈಜೀರಿಯಾದ ಸಂಸತ್ತು ಆರೋಗ್ಯಕ್ಕೆ ಹೆಚ್ಚುವರಿ 20 ಕೋಟಿ ಡಾಲರ್ ಕೊಟ್ಟಿತು. ಒಳ್ಳೆಯದೇ. ದಕ್ಷಿಣ ಕೊರಿಯಾ ಒಂದು ಕಾಲದಲ್ಲಿ ನೆರವಿನಿಂದ ಬದುಕಿತ್ತು. 2010ರಲ್ಲಿ ನೆರವು ಕೊಡುವ ದೇಶಗಳ ಸಮಿತಿಗೇ ಸೇರಿತು. ಅಂದರೆ ನೆರವು ಪಡೆದವರೆಲ್ಲ ಸೋಮಾರಿಗಳಾಗಲಿಲ್ಲ. ಮತ್ತೆ, ಸುಡಾನಿನಲ್ಲಿ ಯಾವ ಸರ್ಕಾರ ಕಾಲ ಮೇಲೆ ನಿಲ್ಲಬೇಕು? ಎರಡು ಸೇನೆಗಳು ಹೊಡೆದಾಡುತ್ತಿರುವಾಗ ಅಲ್ಲಿ ಬೀದಿಬೀದಿಯಲ್ಲಿ ಸ್ವಯಂಸೇವಕರೇ ಅಡುಗೆಮನೆ ನಡೆಸುತ್ತಿದ್ದರು. ನೆರವು ನಿಂತಾಗ ಅಂಥ 1100ಕ್ಕೂ ಹೆಚ್ಚು ಅಡುಗೆಮನೆಗಳ ಒಲೆ ಆರಿತು. ಗುಂಡಿನ ಮಧ್ಯೆ ಊರಿಗೆಲ್ಲ ಬೇಯಿಸಿ ಹಾಕುವವರನ್ನು ಸೋಮಾರಿ ಅನ್ನುವ ನಾಲಿಗೆ ನನಗಿಲ್ಲ.

"ಅವರ ದುಡ್ಡು, ಅವರಿಷ್ಟ" ಅನ್ನುವವರಿಗೆ ಇಷ್ಟೇ ಹೇಳುತ್ತೇನೆ. ಅಮೆರಿಕನ್ನರನ್ನು ಕೇಳಿದರೆ ಬಜೆಟ್ಟಿನಲ್ಲಿ ಸರಾಸರಿ ಕಾಲು ಭಾಗ ವಿದೇಶಿ ನೆರವಿಗೆ ಹೋಗುತ್ತದೆ ಅನ್ನುತ್ತಾರೆ. ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಇದೇ ಉತ್ತರ. ನಿಜವಾಗಿ ಹೋಗುತ್ತಿದ್ದಿದ್ದು ಶೇ 1ರಷ್ಟು. ದುಡ್ಡಿನ ಒಡೆಯರಿಗೇ ಎಷ್ಟು ಹೋಗುತ್ತಿದೆ ಅಂತ ಯಾರೂ ಸರಿಯಾಗಿ ಹೇಳಿಲ್ಲ. ಹಾಗಿರುವಾಗ ಇಷ್ಟ ಯಾರದ್ದು?

ಮತ್ತೆ ನನ್ನ ತಕರಾರಿಗೇ ಬರುತ್ತೇನೆ. ಲೆಕ್ಕ. ಯುಎಸ್‌ಏಡ್ ತನ್ನ ಕೆಲಸವನ್ನು ತಾನೇ ಪರೀಕ್ಷೆಗೆ ಒಡ್ಡಿದ್ದೂ ಇದೆ. ರುವಾಂಡಾದಲ್ಲಿ ಅದರ ಪೌಷ್ಟಿಕತೆ ಕಾರ್ಯಕ್ರಮವನ್ನು, ಅದೇ ದುಡ್ಡನ್ನು ಬಡವರ ಕೈಗೆ ನೇರವಾಗಿ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಹೋಲಿಸಿ ನೋಡಿದರು. ಒಂದು ವರ್ಷದಲ್ಲಿ ಕಾರ್ಯಕ್ರಮದಿಂದ ಮಕ್ಕಳ ಪೌಷ್ಟಿಕತೆಯಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಅಷ್ಟೇ ಸಣ್ಣ ಮೊತ್ತದ ನಗದಿನಿಂದಲೂ ಕಾಣಲಿಲ್ಲ. ಇನ್ನೂ ದೊಡ್ಡ ಮೊತ್ತ ಕೊಟ್ಟಾಗ ಕಂಡಿತು. 2018ರಲ್ಲಿ ಇದನ್ನು ಮುಚ್ಚಿಡದೆ ಪ್ರಕಟಿಸಿದರು. ತನ್ನ ಯೋಜನೆ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ ಅಂತ ತಾನೇ ಜಗತ್ತಿಗೆ ಹೇಳುವ ಸರ್ಕಾರಿ ಸಂಸ್ಥೆಗಳು ಎಷ್ಟಿವೆ?

ಅಳೆಯುವ ಕೆಲಸಕ್ಕೂ ಕೊಡಲಿ ಬಿತ್ತು. 1984ರಿಂದ ಯುಎಸ್‌ಏಡ್ ದುಡ್ಡಿನಲ್ಲಿ ನಡೆಯುತ್ತಿದ್ದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ 2025ರ ಫೆಬ್ರುವರಿಯಲ್ಲಿ ನಿಂತಿತು. ಎಷ್ಟು ಮಕ್ಕಳು ಐದು ವರ್ಷ ದಾಟುತ್ತಿಲ್ಲ, ಎಷ್ಟು ತಾಯಂದಿರು ಹೆರಿಗೆಯಲ್ಲಿ ಸಾಯುತ್ತಿದ್ದಾರೆ ಅಂತ ತಿಳಿಯಲು ಎಷ್ಟೋ ಬಡ ದೇಶಗಳಿಗೆ ಅದೊಂದೇ ಗಟ್ಟಿ ಆಧಾರ. ಎಂಬತ್ತರ ದಶಕದಲ್ಲಿ ಇಥಿಯೋಪಿಯಾದ ಬರಗಾಲ ನೋಡಿದ ಮೇಲೆ, 1985ರಲ್ಲಿ ಕಟ್ಟಿದ ಕ್ಷಾಮ ಮುನ್ಸೂಚನೆ ಜಾಲ ಇತ್ತು. ಮಳೆ, ಬೆಳೆ, ಸಂತೆಯ ಧಾರಣೆ ನೋಡಿ ಎಲ್ಲಿ ಹಸಿವು ಬರಲಿದೆ ಅಂತ ತಿಂಗಳುಗಳ ಮುಂಚೆ ಹೇಳುತ್ತಿತ್ತು. ಅದೂ ಜನವರಿಯಲ್ಲೇ ಮುಚ್ಚಿತು. ಇವೆರಡಕ್ಕೂ ಆಮೇಲೆ ಸ್ವಲ್ಪ ಮಟ್ಟಿಗೆ ಜೀವ ಬಂದಿದೆ. ಆದರೆ ಕಳೆದುಹೋದ ತಿಂಗಳುಗಳ ಅಂಕಿ ಇನ್ನು ಯಾರು ತಂದುಕೊಡುತ್ತಾರೆ? ಆ ತಿಂಗಳುಗಳಲ್ಲೇ ಅಲ್ವಾ ಎಲ್ಲಕ್ಕಿಂತ ಜಾಸ್ತಿ ಎಣಿಸಬೇಕಿತ್ತು?

ಈ ಕಡಿತ ಹೀಗೇ ಮುಂದುವರಿದರೆ 2030ರ ಹೊತ್ತಿಗೆ 1.4 ಕೋಟಿ ಹೆಚ್ಚುವರಿ ಸಾವು ಆಗಬಹುದು, ಅದರಲ್ಲಿ 45 ಲಕ್ಷ ಐದು ವರ್ಷದೊಳಗಿನ ಮಕ್ಕಳು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿದೆ. ಅದು ಅಂದಾಜು. "ಬರೀ ಅಂದಾಜು" ಅಂತ ವಿಡಿಯೊದವರು ನಾಳೆ ಹೇಳುತ್ತಾರೆ, ನನಗೆ ಗೊತ್ತು. ಅಂದಾಜಿಗಿಂತ ಗಟ್ಟಿಯಾದ ಸಂಖ್ಯೆ ಬೇಕಿದ್ದರೆ ಎಣಿಸುವವರನ್ನು ಉಳಿಸಬೇಕಿತ್ತು.

ನಾನು ಎಷ್ಟೋ ಸಂಸ್ಥೆಗಳ ಮೇಲೆ ಕಟುವಾದ ವರದಿ ಬರೆದಿದ್ದೇನೆ. ಮಕ್ಕಳ ಊಟದ ದುಡ್ಡಿನಲ್ಲಿ ಸುಳ್ಳು ಬಿಲ್ಲು ಸೇರಿಸಿದವರನ್ನು ಹಿಡಿದಿದ್ದೇನೆ. ಆ ರಾತ್ರಿಗಳಲ್ಲಿ ಸಿಟ್ಟಿನಿಂದ ಅತ್ತಿದ್ದೇನೆ ಕೂಡ. ಸುಳ್ಳು ಬಿಲ್ಲು ಕೊಟ್ಟವನನ್ನು ತೆಗೆಯಿರಿ ಅಂತ ಬರೆದಿದ್ದೇನೆ, ವಸೂಲಿ ಮಾಡಿ ಅಂತ ಬರೆದಿದ್ದೇನೆ. ಮಕ್ಕಳ ಊಟ ನಿಲ್ಲಿಸಿ ಅಂತ ಒಂದು ದಿನವೂ ಬರೆದಿಲ್ಲ.

ಇದು ಅಮೆರಿಕದ ಕಥೆ ಮಾತ್ರ ಅಲ್ಲ. ಶ್ರೀಮಂತ ದೇಶಗಳ ಒಟ್ಟು ನೆರವು 2024ರಲ್ಲೇ ಶೇ 7.1ರಷ್ಟು ಇಳಿದಿತ್ತು. ರಾಷ್ಟ್ರೀಯ ಆದಾಯದ ಶೇ 0.7ರಷ್ಟು ಕೊಡಬೇಕು ಅನ್ನುವುದು ವಿಶ್ವಸಂಸ್ಥೆ 1970ರಲ್ಲಿ ಇಟ್ಟ ಗುರಿ. ಬ್ರಿಟನ್ ಅಲ್ಲಿಂದ 0.5ಕ್ಕೆ ಇಳಿಯಿತು. 2027ಕ್ಕೆ 0.3ಕ್ಕೆ ಇಳಿಸಿ, ಆ ದುಡ್ಡು ರಕ್ಷಣೆಗೆ ಹಾಕುತ್ತೇವೆ ಎಂದು ಆಗ ಪ್ರಧಾನಿಯಾಗಿದ್ದ ಸ್ಟಾರ್ಮರ್ 2025ರ ಫೆಬ್ರುವರಿಯಲ್ಲಿ ಹೇಳಿದರು. ಅವರ ಅಭಿವೃದ್ಧಿ ಸಚಿವೆ ಆನೆಲೀಸ್ ಡಾಡ್ಸ್ ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಕಡಿತ ಮಾಡಲೇಬೇಕು ಅನ್ನುವ ಸರ್ಕಾರಗಳು ಕನಿಷ್ಠ ಇಷ್ಟು ಮಾಡಲಿ. ಯಾವ ಯೋಜನೆ ನಿಲ್ಲಿಸುತ್ತೇವೆ, ಯಾವ ಪುರಾವೆ ನೋಡಿ ನಿಲ್ಲಿಸುತ್ತೇವೆ, ಅದರ ಮೇಲೆ ಬದುಕಿದ್ದವರ ಹೊಣೆ ಯಾವ ತಾರೀಖಿನಿಂದ ಯಾರದ್ದು ಅಂತ ಒಂದೊಂದಾಗಿ ಬರೆದು ಪ್ರಕಟಿಸಲಿ. ಕೆಳಗೆ ತೀರ್ಮಾನ ಮಾಡಿದವರ ಸಹಿಯೂ ಇರಲಿ.