ಡೌನ್‌ಟನ್ ಆಬಿ ಮರೆತ ಪ್ಯಾಟ್ರಿಕ್

ಇಂಗ್ಲೆಂಡಿನ ಒಂದು ಶ್ರೀಮಂತ ಮನೆತನದ ಕಥೆ ಹೇಳುವ ಟಿವಿ ಧಾರಾವಾಹಿ 'ಡೌನ್‌ಟನ್ ಆಬಿ'ಯ ಎರಡನೇ ಸೀಸನ್ ಮತ್ತೆ ನೋಡಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಈ ಧಾರಾವಾಹಿ ಅಂದ್ರೆ ನನಗೆ ಎಷ್ಟು ಜೀವ ಅಂತ ನಿಮಗೆಲ್ಲ ಗೊತ್ತು, ಹಾಗಾಗಿ ಇದನ್ನು ಆಗದವರ ಮಾತು ಅಂದುಕೊಳ್ಳಬೇಡಿ. ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಯುದ್ಧದಲ್ಲಿ ಗಾಯಗೊಂಡು, ಇನ್ನು ನಡೆಯುವುದೇ ಇಲ್ಲ ಅಂತ ಡಾಕ್ಟರ್ ಹೇಳಿದ್ದ ಮನೆಯ ವಾರಸುದಾರ ಮ್ಯಾಥ್ಯೂ ಒಂದು ದಿನ ಗಾಲಿಕುರ್ಚಿಯಿಂದ ಎದ್ದು ನಿಂತುಬಿಡುತ್ತಾನೆ. ಸರಿ, ಡಾಕ್ಟರ್ ಅಂದಾಜು ತಪ್ಪಿತ್ತು ಅಂತ ಒಪ್ಪಿದೆ. ಕೆನಡಾ ರೈಲ್ವೆ ಷೇರಿನಲ್ಲಿ ಮನೆಯ ದುಡ್ಡೆಲ್ಲ ಮುಳುಗಿದ ಹೊತ್ತಿಗೇ ಅವನು ಮದುವೆಯಾಗಬೇಕಿದ್ದ ಲವಿನಿಯಾಳ ಅಪ್ಪನ ಆಸ್ತಿ ಅವನ ಕೈ ಸೇರುತ್ತದೆ. ಅದನ್ನೂ ಒಪ್ಪಿದೆ. ಕಥೆ ಮುಂದೆ ಹೋಗಬೇಕಲ್ಲ. ನನ್ನ ತಕರಾರು ಒಂದೇ. ಪ್ಯಾಟ್ರಿಕ್ ಏನಾದ?

ಇಡೀ ಕಥೆ ಶುರುವಾಗುವುದೇ ಅವನ ಸಾವಿನಿಂದ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗುತ್ತದೆ, ಮನೆಯ ವಾರಸುದಾರ ಜೇಮ್ಸ್ ಮತ್ತವನ ಮಗ ಪ್ಯಾಟ್ರಿಕ್ ಇಬ್ಬರೂ ಹೋದರು ಅಂತ ತಂತಿ ಬರುತ್ತದೆ. ಹೆಣ್ಣುಮಕ್ಕಳಿಗೆ ಎಸ್ಟೇಟ್ ಸಿಗುವಂತಿಲ್ಲ. ಅದಕ್ಕೇ ಮ್ಯಾಂಚೆಸ್ಟರ್‌ನಿಂದ ವಕೀಲ ಮ್ಯಾಥ್ಯೂ ಬಂದದ್ದು. ಮುಂದೆ ಯುದ್ಧದ ಕಾಲಕ್ಕೆ ಮನೆಯೇ ಗಾಯಾಳು ಅಧಿಕಾರಿಗಳ ಆರೈಕೆಯ ಜಾಗವಾದಾಗ, ಮುಖವೆಲ್ಲ ಸುಟ್ಟುಹೋದ ಕೆನಡಾ ಸೇನೆಯವನೊಬ್ಬ ಮನೆಯ ನಡುವಿನ ಮಗಳು ಎಡಿತ್ ಎದುರು ಕೂತು ಹೇಳುತ್ತಾನೆ: ನಾನೇ ಪ್ಯಾಟ್ರಿಕ್. ನೆನಪು ಹೋಗಿತ್ತು, ಜಿನ್ ಬಾಟಲಿ ಮೇಲಿನ ಹೆಸರು ನೋಡಿ ಗಾರ್ಡನ್ ಅಂತ ಹೆಸರಿಟ್ಟುಕೊಂಡೆ. ಬ್ಯಾಂಡೇಜಿನ ನಡುವೆ ಕಾಣುವುದು ಕಣ್ಣು, ಬಾಯಿ ಅಷ್ಟೇ. ಎಡಿತ್ ನಂಬುತ್ತಾಳೆ. ಮನೆಯವರು ನಂಬುವುದಿಲ್ಲ. ಅದೇ ಎಪಿಸೋಡಿನಲ್ಲಿ ಚೀಟಿಯೊಂದನ್ನು ಬಿಟ್ಟು ಅವನು ಹೊರಟುಹೋಗುತ್ತಾನೆ.

ಅಷ್ಟೇ. ಮತ್ತೆ ಅವನ ಸುದ್ದಿಯೇ ಇಲ್ಲ!

ಅವನು ನಿಜವಾಗಿ ಪ್ಯಾಟ್ರಿಕ್ ಆಗಿದ್ದರೆ ಮ್ಯಾಥ್ಯೂ ವಾರಸುದಾರನೇ ಅಲ್ಲ. ಮ್ಯಾಥ್ಯೂ ಸತ್ತ ಮೇಲೆ ಅವನ ಮಗ ಪುಟ್ಟ ಜಾರ್ಜ್‌ನ ಪಾಲು, ಹೆಂಡತಿ ಮೇರಿಯ ಹಕ್ಕು, ಸತ್ತವರ ಆಸ್ತಿ ಮೇಲಿನ ತೆರಿಗೆ ಅಂತ ಎಷ್ಟು ಮಾತಾಡುತ್ತಾರೆ. ಆಗಲೂ ಆ ಮನುಷ್ಯನ ನೆನಪು ಯಾರಿಗೂ ಬರುವುದಿಲ್ಲ. ಎಡಿತ್‌ಗೂ ಬರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ನಾನೂ ಮೂವರಲ್ಲಿ ನಡುವಿನವಳು. ಮನೆಯವರೆಲ್ಲ ಒಂದು ಕಡೆ ನಿಂತಾಗ ಒಬ್ಬಳೇ ಒಬ್ಬನನ್ನು ನಂಬುವುದು ಎಂಥ ದೊಡ್ಡ ವಿಷಯ ಅಂತ ನನಗೆ ಗೊತ್ತು. ಅಂಥ ಹುಡುಗಿ ಅವನ ಹೆಸರನ್ನು ಒಮ್ಮೆಯಾದರೂ ಎತ್ತುವುದಿಲ್ವಾ?

'ಬೇಕಂತಲೇ ಅನುಮಾನ ಉಳಿಸಿದ್ದಾರೆ, ಅದೇ ಚೆಂದ' ಅಂತ ಗೆಳತಿಯೊಬ್ಬಳು ವಾದ ಮಾಡುತ್ತಾಳೆ. ನಾನು ಒಪ್ಪಲ್ಲ. ಅನುಮಾನ ಉಳಿಯಬೇಕಾದರೆ ಅದು ಆ ಮನೆಯಲ್ಲಿ ಯಾರನ್ನಾದರೂ ಕಾಡಬೇಕು. ಇಲ್ಲಿ ಕಾಡುತ್ತಿರುವುದು ನಮ್ಮನ್ನು ಮಾತ್ರ.

ಇವರಿಗೆ ಎಳೆ ಹಿಡಿಯುವುದು ಬರಲ್ಲ ಅಂತಲೂ ಅಲ್ಲ. ಲಂಡನ್‌ನಲ್ಲಿ ನಡೆದ ಸಾವೊಂದರಲ್ಲಿ ಅನುಮಾನಕ್ಕೆ ಸಿಕ್ಕ ಮನೆಯ ಸೇವಕ ಬೇಟ್ಸ್‌ನ ರೈಲು ಟಿಕೆಟ್ ನೋಡಿ. ಅವನನ್ನು ಉಳಿಸಬೇಕು ಅಂತ ಮೇರಿ ಅದನ್ನು ಬೆಂಕಿಗೆ ಹಾಕುತ್ತಾಳೆ. ಅವನು ಲಂಡನ್ನಿಗೆ ಹೋಗೇ ಇರಲಿಲ್ಲ, ಹರಿಯದ ಆ ಟಿಕೆಟ್ಟೇ ಅವನ ಪರ ಸಾಕ್ಷಿಯಾಗುತ್ತಿತ್ತು ಅನ್ನುವುದು ಮುಂದಿನ ಸೀಸನ್‌ನಲ್ಲಿ ಗೊತ್ತಾಗುತ್ತದೆ. ಆ ದಿನ ಅವನು ಯಾರ್ಕ್‌ನಲ್ಲೇ ಇದ್ದ ಅಂತ ತೋರಿಸಲು ಮನೆಯ ಕೆಲಸದವರಾದ ಮೋಲ್ಸ್‌ಲೀ ಮತ್ತು ಬ್ಯಾಕ್ಸ್‌ಟರ್ ಅವನ ಫೋಟೊ ಹಿಡಿದು ಯಾರ್ಕ್‌ನ ಪಬ್ಬುಗಳನ್ನೆಲ್ಲ ಸುತ್ತುವುದು ನನ್ನ ಅಚ್ಚುಮೆಚ್ಚಿನ ಭಾಗ. ಎಡಿತ್‌ಳ ಪ್ರಿಯಕರ ಗ್ರೆಗ್ಸನ್ ಕಥೆಯೂ ಹಾಗೇ. 1920ರ ದಶಕದ ಮ್ಯೂನಿಕ್‌ನಲ್ಲಿ ಅವನು ಕಾಣೆಯಾದ ಅಂದ ತಕ್ಷಣ ಇದು ಹಿಟ್ಲರ್‌ನ ಗುಂಪಿನದೇ ಕೆಲಸ ಅಂತ ನಾವು ಊಹಿಸಿದ್ದೆವು. ಕೊನೆಗೆ ಅದೇ ನಿಜವಾಯಿತು. ಊಹೆ ಫಲಿಸಿದಾಗ ಎಷ್ಟು ಖುಷಿಯಾಗಿತ್ತು! ಕಥೆ ಬರೆಯುವವರು ನಮ್ಮಷ್ಟೇ ಹುಷಾರಾಗಿ ಇತಿಹಾಸ ನೋಡಿದ್ದಾರೆ ಅನ್ನುವ ಖುಷಿ ಅದು. ಒಂದು ರೈಲು ಟಿಕೆಟ್ಟನ್ನು ನೆನಪಿಟ್ಟುಕೊಂಡವರು ಆ ಮನೆಯ ವಾರಸುದಾರನನ್ನು ಹೇಗೆ ಮರೆತರು?

ಎಡಿತ್ ಮದುವೆಗೆ ಬರುತ್ತಾನೆ ಅಂದುಕೊಂಡಿದ್ದೆ. 2015ರ ಕ್ರಿಸ್ಮಸ್‌ಗೆ ಧಾರಾವಾಹಿಯೇ ಮುಗಿಯಿತು, ಬರಲಿಲ್ಲ. 2019ರ ಸಿನಿಮಾದಲ್ಲಿ ಇಲ್ಲ, 2022ರದ್ದರಲ್ಲಿ ಇಲ್ಲ. 2025ರಲ್ಲಿ ಇದೇ ಕೊನೆಯದು ಅಂತ ಇನ್ನೊಂದು ಬಂತು, ಅದರಲ್ಲೂ ಇಲ್ಲ. ಕೆನಡಾದಿಂದ ವಕೀಲರಿಗೆ ಒಂದು ಕಾಗದ ಬಂದಿದ್ದರೂ ಸಾಕಿತ್ತು.

ನನ್ನ ತೀರ್ಮಾನ ಹೇಳ್ತೀನಿ. ಅವನು ಪ್ಯಾಟ್ರಿಕ್ಕೇ. ಪ್ಯಾಟ್ರಿಕ್ ಜೊತೆ ಕೆಲಸ ಮಾಡಿದ್ದ ಪೀಟರ್ ಗಾರ್ಡನ್ ಅನ್ನುವವನು ಕೆನಡಾಕ್ಕೆ ಹೋಗಿದ್ದ, ಇವನು ಅವನೇ ಇರಬೇಕು ಅಂತ ವಾದಿಸುವವರು ಇದ್ದಾರೆ. ಆಸ್ತಿಗೆ ಆಸೆಪಟ್ಟು ಬಂದ ಕಳ್ಳನಾಗಿದ್ದರೆ ವಿಚಾರಣೆ ಮುಗಿಯುವ ಮೊದಲೇ, ಒಂದು ಬಿಡಿಗಾಸೂ ಕೇಳದೆ ಯಾಕೆ ಹೋಗುತ್ತಿದ್ದ? ಇದಕ್ಕೆ ಉತ್ತರ ಇದ್ದವರು ಕೆಳಗೆ ಬರೆಯಿರಿ. 'ಧಾರಾವಾಹಿ ತಾನೇ, ಸುಮ್ನೆ ನೋಡಿ' ಅನ್ನುವವರು ಮಾತ್ರ ದಯವಿಟ್ಟು ಬೇಡ.