ಬೈಯುವುದಿದ್ದರೆ ಸರಿಯಾದ ಕಟ್ಟಡಕ್ಕೆ ಬೈಯಿರಿ

ಸ್ಯಾನ್ ಫ್ರಾನ್ಸಿಸ್ಕೋದ ರಷ್ಯನ್ ಹಿಲ್ ಮೇಲಿರುವ 32 ಅಂತಸ್ತಿನ ‘ಸಮಿಟ್’ ಅಪಾರ್ಟ್‌ಮೆಂಟಿನ ಫೋಟೋ ಯಾರಾದರೂ ಹಾಕಿದರೆ ಸಾಕು, ಗುಡ್ಡದ ಅಂದ ಕೆಟ್ಟಿತು, ಕೊಲ್ಲಿಯ ನೋಟ ಮುಚ್ಚಿತು ಅಂತ ಬೈಗುಳ ಶುರುವಾಗುತ್ತದೆ. ನನಗಂತೂ ಆ ಕಟ್ಟಡ ಇಷ್ಟ.

1965ರ ಸುಮಾರಿಗೆ ಅದನ್ನು ಕಟ್ಟಿಸಿದ್ದು ಜೋಸೆಫ್ ಐಕ್ಲರ್ ಅನ್ನುವ ಬಿಲ್ಡರ್. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಸನ್ನಿವೇಲ್, ಪಾಲೋ ಆಲ್ಟೋ ಕಡೆಯ ನಮ್ಮ ಕನ್ನಡದವರಿಗೆ ಈತನ ಮನೆಗಳಿಂದ ಈ ಹೆಸರು ಗೊತ್ತು: ತಗ್ಗು ಸೂರು, ಹಿತ್ತಿಲ ಕಡೆ ನೆಲದಿಂದ ಮಾಡಿನವರೆಗೂ ಗಾಜು, ನಡುವೆ ಆಕಾಶಕ್ಕೆ ತೆರೆದ ಅಂಗಳ. ಊರಿಂದ ಬಂದ ಅಮ್ಮಂದಿರು ‘ನಮ್ಮ ತೊಟ್ಟಿ ಮನೆ ಇದ್ದಂಗಿದೆ ಕಣೋ’ ಅನ್ನುವಂಥ ಮನೆಗಳು. (ಮನೆ ಬೆಚ್ಚಗಿಡಲು ನೆಲದಡಿ ಹಾಕಿದ ಬಿಸಿನೀರಿನ ಪೈಪು ಸೋರಿದರೆ ಮಾತ್ರ ದೇವರೇ ಗತಿ.) ಕರಿಯರಿಗೆ ಮನೆ ಮಾರುವುದಿಲ್ಲ ಅಂತ ಬಿಲ್ಡರುಗಳು ರಾಜಾರೋಷವಾಗಿ ಹೇಳುತ್ತಿದ್ದ ಕಾಲದಲ್ಲಿ ಈತ ಮಾರಿದ. ಅದೇ ವಿಷಯಕ್ಕೆ 1958ರಲ್ಲಿ ಬಿಲ್ಡರುಗಳ ರಾಷ್ಟ್ರೀಯ ಸಂಘವನ್ನೇ ಬಿಟ್ಟು ಬಂದ. ಆಮೇಲೆ ಗಗನಚುಂಬಿಗಳಿಗೆ ಕೈ ಹಾಕಿ ಕೈ ಸುಟ್ಟುಕೊಂಡ. 1967ರಲ್ಲಿ ಕಂಪನಿ ದಿವಾಳಿ.

ನೋಟ ಮುಚ್ಚಿತು ಅನ್ನುವ ದೂರು ಸುಳ್ಳೇನಲ್ಲ, ಆದರೆ ಅದು ಸಲ್ಲಬೇಕಾದ್ದು ಕೆಳಗೆ ನೀರಿನಂಚಿನಲ್ಲಿರುವ ಫೋಂಟಾನಾ ಟವರ್ಸ್‌ಗೆ. ಅರವತ್ತರ ದಶಕದ ಆರಂಭದಲ್ಲಿ ಆ ಎರಡು ಬಾಗಿದ ಕಟ್ಟಡಗಳು ಎದ್ದ ಮೇಲೆ ಹಿಂದಿದ್ದವರಿಗೆ ಕೊಲ್ಲಿಯೇ ಕಾಣದಾಯಿತು. ಜನ ರೊಚ್ಚಿಗೆದ್ದರು, ಆ ದಂಡೆಗೆ 40 ಅಡಿಯ ಮಿತಿ ಬಂತು. ಸಮಿಟ್ ನಿಂತಿರುವುದು ಗುಡ್ಡದ ನೆತ್ತಿಯ ಮೇಲೆ. ಎತ್ತರದ ತೆಳು ಕಟ್ಟಡ ಗುಡ್ಡದ ತುದಿಗಿರಲಿ, ಬುಡದಲ್ಲಿ ತಗ್ಗು ಕಟ್ಟಡಗಳಿರಲಿ ಅಂತ 1971ರ ನಗರ ವಿನ್ಯಾಸ ಯೋಜನೆಯೂ ಹೇಳಿತು. ಜೋನ್ಸ್ ಸ್ಟ್ರೀಟ್ ದಾಟಿದರೆ ಗ್ರೀನ್ ಸ್ಟ್ರೀಟಿನಲ್ಲಿ 1906ರ ಭೂಕಂಪದ ಹಿಂದೆಯೇ ಎದ್ದ ಬೆಂಕಿಗೂ ಸಿಗದೆ ಉಳಿದ ಎಂಟು ಮೂಲೆಯ ಮನೆಯೊಂದಿದೆ. ಅದರ ಮುಂದೆ ನಿಂತು ಕತ್ತೆತ್ತಿ ನೋಡಿ, ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ನನ್ನ ಸಿಟ್ಟು ಬೇರೆ ಕಡೆ. ಅದೇ ಐಕ್ಲರ್, ಅದೇ ದಶಕದಲ್ಲಿ, ಅದೇ ಊರಿನ ವಿಸಿಟೇಶನ್ ವ್ಯಾಲಿಯಲ್ಲಿ ಮಧ್ಯಮ ವರ್ಗದವರಿಗೆಂದು ಜಿನೀವಾ ಟವರ್ಸ್ ಕಟ್ಟಿದ. ಕ್ರಮೇಣ ಅದು ಸರ್ಕಾರಿ ಸಹಾಯದಲ್ಲಿರುವ ಬಡವರ ವಸತಿಯಾಯಿತು, ರಿಪೇರಿ ಕೇಳುವವರಿಲ್ಲದೆ ಹಾಳಾಯಿತು. 1998ರಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. ಗುಡ್ಡದ ಮೇಲಿನ ಕಾಂಕ್ರೀಟಿನಲ್ಲಿ ಇವತ್ತಿಗೂ ಸಿರಿವಂತರಿದ್ದಾರೆ. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜಾರ್ಜ್ ಶುಲ್ಟ್ಸ್ ದಂಪತಿಯ ಪೆಂಟ್‌ಹೌಸ್ ಇದ್ದದ್ದೂ ಅಲ್ಲೇ. ಬಡವರಿಗೆ ಗೋಪುರ ಆಗಿಬರುವುದಿಲ್ಲ ಅಂತ ತೀರ್ಪು ಕೊಡುವವರು, ಸಮಿಟ್‌ನ ಲಿಫ್ಟು, ಕಾವಲು, ಬಣ್ಣಕ್ಕೆ ತಿಂಗಳು ತಿಂಗಳು ಎಷ್ಟು ಸುರಿಯುತ್ತಾರೆ ಅಂತ ಮೊದಲು ವಿಚಾರಿಸಿಕೊಂಡು ಬರಲಿ.