ನಮ್ಮ ಮನ್ಯಾಗ ಮುಚ್ಚಿಡೂದು ಏನೈತಿ?

ಕಳೆದ ದೀಪಾವಳಿಗೆ ಬಾಗಲಕೋಟೆಗೆ ಹೋದಾಗ ನವನಗರದ ನಮ್ಮ ಮನೆಯಲ್ಲಿ ಸಣ್ಣ ಜಗಳವೊಂದು ಆಯಿತು. ತಮ್ಮನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆಯುತ್ತಿರಲಿಲ್ಲ. ನೋಡಿದರೆ ಯಾವುದೋ ಪುಕ್ಕಟೆ ವಿಪಿಎನ್ ಆನ್ ಇತ್ತು. ನಮ್ಮ ಇಂಟರ್ನೆಟ್ ಓಡಾಟವನ್ನೆಲ್ಲ ಮುಚ್ಚಿ, ಬೇರೆ ಯಾರದೋ ಸರ್ವರ್ ಮೂಲಕ ಸಾಗಿಸುವ ವ್ಯವಸ್ಥೆ ಅದು. ಯಾಕೆ ಹಾಕಿಕೊಂಡಿದ್ದೀ ಅಂತ ಕೇಳಿದೆ. "ಸೇಫ್ ಇರತೈತಂತಣ್ಣಾ, ಎಲ್ಲಾರೂ ಹಾಕ್ಕೊಂಡಾರ" ಅಂದ. ಅಪ್ಪ ಬಸಿಗೆ ಚಹಾ ಸುರುವಿಕೊಳ್ಳುತ್ತಾ, "ನಮ್ಮ ಮನ್ಯಾಗ ಮುಚ್ಚಿಡೂದು ಏನೈತಿ?" ಅಂದರು.

ನಾನಿರುವುದು ಜರ್ಮನಿಯಲ್ಲಿ. ಅಲ್ಲಿ ಈ ಪ್ರಶ್ನೆ ಉಲ್ಟಾ. "ಇವರಿಗೆ ಯಾಕೆ ತೋರಿಸಬೇಕು?" ಅಂತ ಶುರು ಮಾಡುತ್ತಾರೆ. ಆದರೆ ಅಲ್ಲಿಯವರು ವಿಪಿಎನ್ ಕೊಳ್ಳುವುದು ಬರೀ ಆ ಕಾರಣಕ್ಕೆ ಅಂದುಕೊಳ್ಳಬೇಡಿ. ಟೊರೆಂಟಿನಲ್ಲಿ ಸಿನಿಮಾ ಕದ್ದು ಇಳಿಸಿಕೊಂಡರೆ, ಇಂಟರ್ನೆಟ್ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ ವಕೀಲರ ಕಾಗದ ಬರುತ್ತದೆ. ಆಬ್‌ಮಾನುಂಗ್ ಅಂತಾರೆ ಅದಕ್ಕೆ. ನೂರಾರು ಯೂರೋ ಕೇಳುತ್ತಾರೆ. ಅರ್ಧ ಜನ ವಿಪಿಎನ್ ಹಾಕುವುದು ಆ ಲಕೋಟೆಗೆ ಹೆದರಿ ಅಂತ ನನ್ನ ಅನುಮಾನ. ನನ್ನ ಆಫೀಸಿನವನೊಬ್ಬ ವಿಪಿಎನ್ ಇಲ್ಲದೆ ಹವಾಮಾನ ಕೂಡ ನೋಡುವುದಿಲ್ಲ. ಅದೇ ಮನುಷ್ಯ ಸೂಪರ್ ಮಾರ್ಕೆಟ್ಟಿನಲ್ಲಿ ಪಾಯಿಂಟಿನ ಆಸೆಗೆ ಪೇಬ್ಯಾಕ್ ಕಾರ್ಡ್ ತೋರಿಸಿ, ತಾನು ತಿಂದ ಚೀಸಿನಿಂದ ಹಿಡಿದು ಹಚ್ಚಿದ ಸೋಪಿನವರೆಗೆ ಎಲ್ಲವನ್ನೂ ಬರೆಸಿ ಬರುತ್ತಾನೆ!

ನಮ್ಮ ಕಡೆಯ ಕಥೆ ಬೇರೆ. ಕನೆಕ್ಷನ್ ಕೊಡಲು ಬಂದ ಹುಡುಗ ಅಪ್ಪನ ಮೊಬೈಲ್ ನಂಬರನ್ನೇ ವೈ-ಫೈ ಪಾಸ್‌ವರ್ಡ್ ಮಾಡಿ ಹೋಗಿದ್ದ. ಓಣಿಯಲ್ಲಿ ಅರ್ಧ ಜನಕ್ಕೆ ಆ ನಂಬರ್ ಗೊತ್ತು. ರೌಟರ್ ಒಳಗೆ ಹೋಗುವ ಪಾಸ್‌ವರ್ಡ್ ಕಂಪನಿಯಿಂದ ಬಂದಾಗ ಇದ್ದ ಅಡ್ಮಿನ್ ಅಡ್ಮಿನ್ನೇ. ಬಾಜೂ ಮನೆಯ ಹುಡುಗರು ನಮ್ಮ ಕಟ್ಟೆಯ ಮೇಲೆ ಕೂತು ನಮ್ಮ ವೈ-ಫೈಯಲ್ಲಿ ಪಾಠ ನೋಡುತ್ತಿದ್ದರು. ಪಾಠವೋ, ಗೇಮೋ. ಅಪ್ಪನಿಗೆ ಅದರಲ್ಲಿ ಒಂದು ಹೆಮ್ಮೆಯೇ ಇತ್ತು. ಜರ್ಮನಿಯಲ್ಲಿ ಎದುರು ಮನೆಯವರ ವೈ-ಫೈ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ತಮ್ಮನಿಗೆ ಹೇಳಿದ್ದು ಇಷ್ಟು. ಈಗ ಹೆಚ್ಚಿನ ಸೈಟುಗಳು ಎಚ್‌ಟಿಟಿಪಿಎಸ್ ಬೀಗ ಹಾಕಿಕೊಂಡೇ ಬರುತ್ತವೆ. ನೀನು ಯಾವ ಸೈಟಿಗೆ ಹೋದೆ ಅಂತ ಇಂಟರ್ನೆಟ್ ಕೊಡುವ ಕೇಬಲ್‌ನವನಿಗೆ ಗೊತ್ತಾಗಬಹುದು, ಒಳಗೆ ಏನು ಬರೆದೆ ಅಂತ ಗೊತ್ತಾಗುವುದಿಲ್ಲ. ವಿಪಿಎನ್ ಹಾಕಿದರೆ ಕೇಬಲ್‌ನವನಿಗೆ ಅದೂ ಕಾಣುವುದಿಲ್ಲ, ಆದರೆ ಅವನಿಗೆ ಕಾಣುತ್ತಿದ್ದದ್ದೆಲ್ಲ ವಿಪಿಎನ್ ಕಂಪನಿಗೆ ಕಾಣುತ್ತದೆ. ಕೇಬಲ್‌ನವನಾದರೆ ತಿಂಗಳಿಗೊಮ್ಮೆ ಬಿಲ್ಲಿಗೆ ಬಾಗಿಲಿಗೆ ಬರುತ್ತಾನೆ, ಜಗಳ ಆಡಬಹುದು. ಪುಕ್ಕಟೆ ಆ್ಯಪ್‌ನವನ ಮುಖ ಯಾರು ನೋಡಿದ್ದಾರೆ? ಫೇಸ್‌ಬುಕ್ 2013ರಲ್ಲಿ ಒನಾವೊ ಅನ್ನುವ ಕಂಪನಿ ಕೊಂಡಿತು. ಕಾಪಾಡುತ್ತೇವೆ ಅಂತ ಪುಕ್ಕಟೆ ವಿಪಿಎನ್ ಹಂಚಿ, ಜನ ಯಾವ ಯಾವ ಆ್ಯಪ್ ಜಾಸ್ತಿ ಬಳಸುತ್ತಾರೆ ಅಂತ ಅದರಿಂದಲೇ ನೋಡಿಕೊಂಡಿತು. ಗಲಾಟೆಯಾಗಿ 2019ರಲ್ಲಿ ಮುಚ್ಚಿದರು.

ಹಾಗಂತ ಎಲ್ಲ ಪುಕ್ಕಟೆಯೂ ಮೋಸ ಅಲ್ಲ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ದುಡ್ಡು ಕೊಡುವ ಗಿರಾಕಿಗಳ ಬಲದ ಮೇಲೆ ಪುಕ್ಕಟೆಯದನ್ನೂ ನಡೆಸುತ್ತದೆ. ನನಗೆ ಸೇರಿದ್ದು ಸ್ವೀಡನ್ನಿನ ಮುಲ್‌ವಾಡ್. ತಿಂಗಳಿಗೆ 5 ಯೂರೋ, ಒಂದು ತಿಂಗಳಿಗೂ ಅಷ್ಟೇ, ವರ್ಷಕ್ಕೂ ಅದೇ ಲೆಕ್ಕ. ಹೆಸರು ಬೇಡ, ಇಮೇಲ್ ಬೇಡ, ಒಂದು ನಂಬರ್ ಕೊಡುತ್ತಾರೆ. ಲಕೋಟೆಯಲ್ಲಿ ನೋಟು ಹಾಕಿ ಕಳಿಸಿದರೂ ನಡೆಯುತ್ತದೆ. 2023ರ ಏಪ್ರಿಲ್‌ನಲ್ಲಿ ಪೊಲೀಸರು ವಾರಂಟ್ ಹಿಡಿದು ಅವರ ಆಫೀಸಿಗೆ ಹೋದರು. ಗಿರಾಕಿಗಳ ದಾಖಲೆ ಇಟ್ಟೇ ಇರಲಿಲ್ಲವಾದ್ದರಿಂದ ಬರಿಗೈಯಲ್ಲಿ ವಾಪಸ್ ಬಂದರು. ನಾವು ಏನೂ ಬರೆದಿಡುವುದಿಲ್ಲ ಅಂತ ಎಲ್ಲರೂ ಜಾಹೀರಾತು ಕೊಡುತ್ತಾರೆ, ಹೀಗೆ ಪರೀಕ್ಷೆ ಆದವರು ಕಡಿಮೆ. ಮೂರು ವರ್ಷಕ್ಕೆ ಒಮ್ಮೆಲೇ ಕಟ್ಟಿ, ಇನ್ನು ಹತ್ತು ನಿಮಿಷ ಮಾತ್ರ ಅಂತ ಗಡಿಯಾರ ತೋರಿಸುವ ಕಂಪನಿಗಳನ್ನು ಕಂಡರೆ ನನಗೆ ಆಷಾಢದ ಸೀರೆ ಸೇಲ್ ನೆನಪಾಗುತ್ತದೆ. ಒಮ್ಮೆ ಬಿದ್ದಿದ್ದೇನೆ, ಎರಡು ವರ್ಷದ ದುಡ್ಡು ಹೋಯಿತು.

ಕೊನೆಗೆ ಅಪ್ಪನ ಮನೆಗೆ ನಾನು ಯಾವ ವಿಪಿಎನ್ನೂ ಕೊಳ್ಳಲಿಲ್ಲ. ತಮ್ಮನ ಆ್ಯಪ್ ತೆಗೆಸಿದೆ. ಎರಡೂ ಪಾಸ್‌ವರ್ಡ್ ಬದಲಿಸಿದೆ. ಕಟ್ಟೆಯ ಹುಡುಗರಿಗೆ ಬೇರೆಯೇ ಗೆಸ್ಟ್ ವೈ-ಫೈ ಮಾಡಿಕೊಟ್ಟೆ.

ವಿಪಿಎನ್ ಬೇಕಾಗಿದ್ದು ನಿಜವಾಗಿ ನನಗೇ. ನಮ್ಮ ಕೆಲವು ಸರ್ಕಾರಿ ಸೈಟುಗಳು ಜರ್ಮನಿಯಿಂದ ತೆರೆಯುವುದೇ ಇಲ್ಲ, ಇಂಡಿಯಾದ ಇಂಟರ್ನೆಟ್ ವಿಳಾಸವೇ ಬೇಕು. ಆದರೆ 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ ಆದೇಶ ಹೊರಡಿಸಿತು. ನಾರ್ಡ್, ಸರ್ಫ್‌ಶಾರ್ಕ್, ಎಕ್ಸ್‌ಪ್ರೆಸ್ ಅನ್ನುವ ವಿಪಿಎನ್ ಕಂಪನಿಗಳು ತಮ್ಮ ಸರ್ವರುಗಳನ್ನು ದೇಶದಿಂದ ಎತ್ತಿಕೊಂಡು ಹೋದವು. ಎಕ್ಸ್‌ಪ್ರೆಸ್‌ನವರು ಇಂಡಿಯಾ ಅಂತ ತೋರಿಸುವ ಸರ್ವರ್ ಸಿಂಗಾಪುರದಲ್ಲೋ ಬ್ರಿಟನ್ನಿನಲ್ಲೋ ಕೂತಿರುತ್ತದೆ ಅಂತ ಅವರೇ ಹೇಳಿದರು. ಅದಕ್ಕಿಂತ ನಮ್ಮ ಮನೆಯೇ ಇದೆಯಲ್ಲ ಅನ್ನಿಸಿತು. ರಾಸ್‌ಬೆರಿ ಪೈ ಅನ್ನುವ ಅಂಗೈ ಅಗಲದ ಕಂಪ್ಯೂಟರ್ ಒಂದನ್ನು ಅಡುಗೆಮನೆ ಬಾಗಿಲ ಹತ್ತಿರ ರೌಟರ್ ಪಕ್ಕ ಇಟ್ಟೆ. ಅಲ್ಲಿ ಹತ್ತಾರು ಮನೆಗಳಿಗೆ ಸೇರಿ ಹೊರಗಿನ ಇಂಟರ್ನೆಟ್ ವಿಳಾಸ ಒಂದೇ, ಹೊರಗಿಂದ ನೇರ ಬರಲಾಗುವುದಿಲ್ಲ. ಅದಕ್ಕೆ ಅಂಥ ಕಡೆಯೂ ನಮ್ಮದೇ ಎರಡು ಯಂತ್ರಗಳನ್ನು ಜೋಡಿಸುವ ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಈಗ ಜರ್ಮನಿಯಲ್ಲಿ ಕೂತೇ ನವನಗರದಿಂದ ಇಂಟರ್ನೆಟ್ಟಿಗೆ ಹೋಗುತ್ತೇನೆ.

ಮೊನ್ನೆ ಒಂದು ಅರ್ಜಿಯ ಕೊನೆಯ ಪುಟದಲ್ಲಿದ್ದೆ, ಪೈ ಸತ್ತುಹೋಯಿತು. ಕರೆಂಟ್ ಹೋಗಿರಬೇಕು ಅಂತ ಮನೆಗೆ ಫೋನ್ ಹಚ್ಚಿದೆ. ಹಿಂದೆ ಗರ್ರ್ ಅಂತ ಸಪ್ಪಳ.

"ಅದರ ಪಿನ್ನು ನಾನ ಕಿತ್ತೀನಪಾ" ಅಂದಳು ಅವ್ವ. "ಮಿಕ್ಸರ್ ಹಚ್ಚೂದಿತ್ತು. ಶೇಂಗಾ ಹಿಂಡಿ ಮಾಡಾಕತ್ತೀನಿ, ಹತ್ತು ನಿಮಿಷ ತಡಿ."